ಟೇಪಿನ ಕಿವಿ

ಹೆಡ್‌ಲೈಟು ಉಜ್ಜುವ ಕೆಲಸದಲ್ಲಿ ಮೊದಲ ಕಾಲು ಗಂಟೆ ಬೈಸಿಕೊಳ್ಳುವುದಕ್ಕೇ ಮೀಸಲು. ಬಿಸಿಲು ತಿಂದು ಹಳದಿಗಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ನೀರು ಚಿಮುಕಿಸಿ, ಎಂಟುನೂರು ನಂಬರಿನ ವಾಟರ್ ಪೇಪರ್ ಹಿಡಿದು ನಾಲ್ಕು ಸಲ ಎಳೆದರೆ ಸಾಕು, ಇದ್ದ ಅಷ್ಟಿಷ್ಟು ಹೊಳಪೂ ಹೋಗಿ ದೀಪ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಗಾಡಿಯ ಯಜಮಾನನಿಗೆ ಎದೆ ಧಸಕ್ಕೆನ್ನುತ್ತದೆ. “ಅಯ್ಯೋ, ಇದ್ದದ್ದನ್ನೂ ಕೆಡಿಸಿಬಿಟ್ಟಿರಲ್ಲ!”

ಕನ್ನಡಿಯಕ್ಕ ತಲೆ ಎತ್ತುತ್ತಿರಲಿಲ್ಲ. “ಅಳೋದಿದ್ರೆ ಅಲ್ಲಿ ಸ್ಟೂಲಿದೆ, ಕೂತ್ಕೊಂಡು ಅಳಿ. ಮೂರು ಸಾವಿರಕ್ಕೆ ಬಂದಾಗ ಕರೀತೀನಿ” ಎನ್ನುತ್ತಿದ್ದಳು. ಮೂರು ಸಾವಿರ ಎಂದರೆ ಕಾಗದದ ನಂಬರು. ಎಂಟುನೂರು ಆದ ಮೇಲೆ ಸಾವಿರದೈನೂರು, ಆಮೇಲೆ ಎರಡು ಸಾವಿರ, ಕೊನೆಗೆ ಮೂರು ಸಾವಿರ; ನಂಬರು ಏರಿದ ಹಾಗೆ ಕಾಗದ ನುಣುಪು. ಹೊಸಬರು ಕೆಲವರು ಆ ಮಾತು ಕೇಳಿಯೇ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆದರೆ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ತಿರುವಿ ತಿರುವಿ ಒರೆಸಿದಾಗ ಒಳಗಿನ ಬಲ್ಬು ನೀರಿನಡಿಯ ಕಲ್ಲಿನಂತೆ ನಿಚ್ಚಳವಾಗಿ ಕಾಣುತ್ತಿತ್ತು. ಬೈದವನೇ ಬಗ್ಗಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಹಾಗಾಗಿ ಟ್ಯಾಕ್ಸಿಯವರು ಇಟ್ಟ ಹೆಸರು ಕನ್ನಡಿಯಕ್ಕ.

ಹೀಗೆ ದಿನಕ್ಕೆ ಮೂರು ಸಲ ಇನ್ನೊಬ್ಬರ ಅನುಮಾನವನ್ನು ಮೈಮೇಲೆ ಹಾಕಿಸಿಕೊಂಡು ಬದುಕಿದವಳು, ತಾನು ಇನ್ನೊಬ್ಬರ ಮೇಲೆ ಅದನ್ನು ಸುರಿಯುವಾಗ ಸ್ವಲ್ಪ ಕೈ ಬಿಗಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಅಂಗಡಿ ಎಂದರೆ ಒಂದೇ ಶೆಟರಿನ ಉದ್ದನೆಯ ಕೋಣೆ. ಹಿಂಬದಿಯ ಬಾಗಿಲು ತೆಗೆದರೆ ಮನೆ. ಅಂಗಡಿಯ ಬಲಗಡೆ ಅವಳ ಗಂಡ, ನೆಗ್ಗಿದ ಬಾಗಿಲು ಬಾನೆಟ್ಟುಗಳನ್ನು ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡುವವನು. ಇಪ್ಪತ್ತೈದು ವರ್ಷ ತಗಡಿನ ಸದ್ದು ಕೇಳಿ ಅವನ ಕಿವಿ ಅರ್ಧಕ್ಕರ್ಧ ಹೋಗಿತ್ತು. ಉಳಿದರ್ಧವನ್ನು ಹೆಂಡತಿ ಬೈಯುವಾಗ ತಾನೇ ಮುಚ್ಚಿಕೊಳ್ಳುತ್ತಿದ್ದ. ಎಡಗಡೆ, ರಸ್ತೆಯ ಬೆಳಕು ಬೀಳುವಲ್ಲಿ, ಹೆಡ್‌ಲೈಟಿನ ಬೆಂಚು. ಅಲ್ಲಿ ಕನ್ನಡಿಯಕ್ಕನ ಎದುರಿಗೆ ಕೂರುತ್ತಿದ್ದವಳು ಅವಳ ನಾದಿನಿ, ಗಂಡನ ಕೊನೆಯ ತಂಗಿ.

ನಾದಿನಿ ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಗಿತ್ತು. ಮೊದಲ ನಾಲ್ಕು ವರ್ಷ ದೊಡ್ಡಣ್ಣನ ಮನೆಯಲ್ಲಿದ್ದಳು. ಇದ್ದಳು ಅನ್ನುವುದಕ್ಕಿಂತ ಪಾತ್ರೆ ತೊಳೆದಳು, ಮಕ್ಕಳ ಮೂಗೊರೆಸಿದಳು, ಎಲ್ಲರದೂ ಆದ ಮೇಲೆ ಉಂಡಳು ಅನ್ನಬೇಕು. ಮಲಗುತ್ತಿದ್ದದ್ದು ಹಜಾರದ ಸೋಫಾದ ಹಿಂದೆ. ಬಟ್ಟೆ ಇಡಲು ಒಂದು ಗೂಡೂ ಇರಲಿಲ್ಲ. ಎರಡು ವರ್ಷದ ಹಿಂದೆ ಇಲ್ಲಿಗೆ ಬಂದ ದಿನ ಕನ್ನಡಿಯಕ್ಕನೇ ಬೆಂಚಿನ ಕೆಳಗಿನ ಡ್ರಾಯರೊಂದನ್ನು ಖಾಲಿ ಮಾಡಿ, “ಇದು ನಿಂದು. ಬೇಕಾದ್ರೆ ಬೀಗ ಹಾಕ್ಕೋ” ಎಂದಿದ್ದಳು. ಅವಳು ಬೀಗ ಹಾಕಲಿಲ್ಲ. ದಿನಕ್ಕೊಮ್ಮೆ ಅದನ್ನು ಎಳೆದು, ನೋಡಿ, ಮುಚ್ಚುತ್ತಿದ್ದಳು, ಅಷ್ಟೆ. ಈ ಬೆಂಚು ತಪ್ಪಿದರೆ ಅವಳ ಪಾಲಿಗೆ ಉಳಿದದ್ದು ಮತ್ತೆ ಆ ಸೋಫಾದ ಹಿಂಭಾಗವೇ. ಇದು ಮನೆಯ ಮೂವರಿಗೂ ಗೊತ್ತಿತ್ತು. ದೊಡ್ಡಣ್ಣನ ಹೆಂಡತಿಗೂ ಗೊತ್ತಿತ್ತು. ತಿಂಗಳಿಗೊಮ್ಮೆ ಫೋನು ಮಾಡಿ, “ಅವಳಿಗೆ ಅಲ್ಲಿ ಬೇಜಾರಾದ್ರೆ ಕಳಿಸಿಬಿಡಿ, ಇಲ್ಲಿ ಕೈ ಸಾಲ್ತಿಲ್ಲ” ಎನ್ನುತ್ತಿದ್ದಳು.

ಕೆಲಸ ಹಂಚಿಕೆಯಾಗಿತ್ತು. ಉಜ್ಜುವುದು, ಪಾಲಿಶ್ ಮಾಡುವುದು ಅತ್ತಿಗೆಯ ಪಾಲು. ಸ್ಪಿರಿಟ್ಟಿನಲ್ಲಿ ಒರೆಸಿ, ಕೋಟಿಂಗ್ ಹಚ್ಚಿ, ಬಿಸಿಲಿಗೆ ಒಣಗಿಸಿ, ಗಾಡಿಗೆ ಮತ್ತೆ ಕೂರಿಸುವುದು ನಾದಿನಿಯದು. ನೋಡುವವರಿಗೆ ಉಜ್ಜುವುದೇ ದೊಡ್ಡ ಕೆಲಸ. ಜೀವ ಇರುವುದು ಮಾತ್ರ ಕೋಟಿಂಗಿನಲ್ಲಿ. ಉಜ್ಜಿದಾಗ ಕಾರ್ಖಾನೆಯಲ್ಲಿ ಬಳಿದ ಪದರವೆಲ್ಲ ಹೋಗಿ ಪ್ಲಾಸ್ಟಿಕ್ಕು ಬರಿಮೈಯಾಗಿರುತ್ತದೆ. ಹಾಗೇ ಬಿಟ್ಟರೆ ಕೆಲವೇ ತಿಂಗಳ ಬಿಸಿಲಿಗೆ ಮತ್ತೆ ಪೊರೆ. ಅದಕ್ಕೇ ತೆಳ್ಳಗೆ ಒಂದು ಸಲ ಕೋಟಿಂಗ್, ಅದು ಆರಿದ ಮೇಲೆ ಇನ್ನೊಂದು ಸಲ. ಒಂದೇ ಸಲ ಬಳಿದು ಕೈ ತೊಳೆದುಕೊಂಡರೂ ಅವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಆ ಕೆಲಸಕ್ಕೆ ಕೂತವರನ್ನು ನಂಬಬೇಕು, ಬೇರೆ ದಾರಿಯಿಲ್ಲ.

ಟೇಪು ಮಾತ್ರ ಪೂರಾ ಅತ್ತಿಗೆಯದೇ. ಬಣ್ಣಕ್ಕೆ ಗೀರು ಬೀಳದಂತೆ, ಬೇಡದ ಕಡೆ ನೀರು ನುಗ್ಗದಂತೆ ಅಂಟಿಸುವ ಹಳದಿ ಕಾಗದದ ಟೇಪು ಅದು. ಹೊಸದರಲ್ಲಿ ನಾದಿನಿ ಒಮ್ಮೆ ಅವಸರಪಟ್ಟು ಸರ್ರನೆ ಕಿತ್ತಾಗ ಟೇಪಿನ ಜೊತೆ ಹಸಿ ಕೋಟಿಂಗೂ ಎದ್ದು ಬಂದಿತ್ತು. ಅವತ್ತಿನಿಂದ ಕಾನೂನು: ಅಂಟಿಸಿದವಳೇ ಕೀಳಬೇಕು, ನಾದಿನಿ ಟೇಪು ಮುಟ್ಟಕೂಡದು. ಕನ್ನಡಿಯಕ್ಕ ಟೇಪು ಹರಿದು ಅಂಟಿಸುವ ಮುಂಚೆ ಅದರ ಒಂದು ತುದಿಯನ್ನು ಉಗುರಿನಗಲ ಒಳಕ್ಕೆ ಮಡಚುತ್ತಿದ್ದಳು, ಕೀಳುವಾಗ ಹಿಡಿಯಲು ಸಿಗಲೆಂದು. ಅದಕ್ಕೆ ಅವಳ ಹೆಸರು ‘ಕಿವಿ’. “ಕಿವಿ ಹಿಡಿದ್ರೆ ಎಂಥಾ ಟೇಪೂ ಮಾತು ಕೇಳುತ್ತೆ” ಎನ್ನುವಳು. ಗಂಡ ತನ್ನ ಕಿವಿ ಮುಟ್ಟಿಕೊಂಡು, “ನಂದು ಕೇಳ್ತಿಲ್ವೇ” ಎನ್ನುವನು.

ಬನ್ನಣ್ಣನ ವ್ಯಾನು ಬಂದದ್ದು ಹೀಗೆ ಎಲ್ಲ ಸರಿಯಿದ್ದಾಗ. ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಬನ್ನು ಹಂಚುವ ವ್ಯಾನು ಅದು; ಓಡಿಸುವವನ ಕೆನ್ನೆಗಳೂ ಆಗಷ್ಟೇ ಒಲೆಯಿಂದ ತೆಗೆದಂತೆ ಉಬ್ಬಿಕೊಂಡಿದ್ದರಿಂದ ಅವನಿಗೆ ಆ ಹೆಸರು. ಬೆಳಗಿನ ಜಾವ ಐದಕ್ಕೆಲ್ಲ ರಸ್ತೆಯಲ್ಲಿರಬೇಕಾದವನು. ಎರಡೂ ದೀಪ ಬಿಚ್ಚಿ ಬೆಂಚಿನ ಮೇಲಿಟ್ಟು ಕೆಲಸ ಮಾಡಿದರು. ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು, ಕೋಟಿಂಗ್ ಚೆನ್ನಾಗಿಯೇ ಒಣಗಿತು. ಮಧ್ಯಾಹ್ನ ನಾದಿನಿ ದೀಪ ಕೂರಿಸಲು ಹೋಗುವ ಹೊತ್ತಿಗೆ ಮೋಡ ಕವಿದು, ಸೆಕೆ ಹೆಚ್ಚಿ, ಪಟಪಟ ಹನಿ ಶುರುವಾಯಿತು.

“ಅತ್ತಿಗೆ, ಈ ಎಡಗಡೆಯದರ ಹಿಂದೆ…” ಎಂದಳು ನಾದಿನಿ.

“ಬಿಗಿಯೇ ತಾಯಿ, ಬಿಗಿ! ಬ್ರೆಡ್ಡಿನ ಗಾಡಿ ನೆನೆದು ಹೋಗುತ್ತೆ. ಪುರಾಣ ಆಮೇಲೆ ಹೇಳುವೆಯಂತೆ.”

ನಾದಿನಿ ಬಾಯಿ ಮುಚ್ಚಿ ಬೋಲ್ಟು ಬಿಗಿದಳು. ಪುರಾಣವನ್ನು ಆಮೇಲೆ ಯಾರೂ ಕೇಳಲಿಲ್ಲ.

ಹತ್ತು ದಿನ ಕಳೆದು ಬನ್ನಣ್ಣ ಮಟಮಟ ಮಧ್ಯಾಹ್ನ ವ್ಯಾನು ನಿಲ್ಲಿಸಿದ. “ಕನ್ನಡಿಯಕ್ಕ, ನಿಮ್ಮ ಕನ್ನಡಿಗೆ ಪೊರೆ ಬಂತು. ಎಡಗಡೆದಕ್ಕೆ.”

ಅವಳು ಕೈ ಒರೆಸಿಕೊಂಡು ಎದ್ದು ಹೋಗಿ ನೋಡಿದಳು. ಎಡದ ದೀಪ ಫಳಫಳ ಹೊಳೆಯುತ್ತಿತ್ತು. ಬಲದ್ದೂ ಹಾಗೆಯೇ.

“ಎಲ್ಲಿದೆಯಣ್ಣ ಪೊರೆ?”

“ಈಗಿಲ್ಲ. ಬೆಳಿಗ್ಗೆ ಇರುತ್ತೆ. ಮಂಜು ಕವಿದ ಹಾಗೆ. ಒಂಬತ್ತು ಗಂಟೆಗೆಲ್ಲ ಹೋಗಿಬಿಡುತ್ತೆ.”

“ಓಹೋ, ಆಫೀಸಿಗೆ ಹೋಗೋ ಪೊರೆ! ನಿನ್ನ ಕಣ್ಣು ತೋರಿಸ್ಕೊಂಡ್ಯಾ? ನಿದ್ದೆಗಣ್ಣಲ್ಲಿ ಎಲ್ಲಾ ಮಂಜೇ.”

“ನಂಗೆ ಒಂದೇ ಕಣ್ಣಲ್ಲಿ ನಿದ್ದೆ ಬರುತ್ತಾ ಅಕ್ಕ? ಬಲಗಡೆದು ಸರಿ ಇದೆಯಲ್ಲ.”

ಅವಳು ನಕ್ಕು ಕಳಿಸಿದಳು. ಒಳಗೆ ಬಂದು ಗಂಡನಿಗೆ, “ಪುಕ್ಕಟೆ ಇನ್ನೊಂದು ಸಲ ಉಜ್ಜಿಸ್ಕೊಳ್ಳೋಕೆ ಎಂಥಾ ಕತೆ ಕಟ್ತಾನೆ ನೋಡಿ. ಕೆನ್ನೆ ಮಾತ್ರ ಮಕ್ಕಳ ಹಾಗೆ” ಎಂದಳು. ಮೊದಲ ಅನುಮಾನ ಹೀಗೆ ಬನ್ನಣ್ಣನ ಮೇಲೆ ಬಿತ್ತು.

ಆದರೆ ಬನ್ನಣ್ಣ ಬಿಡುವ ಆಸಾಮಿಯಲ್ಲ. ಮುಂದಿನ ವಾರ ಅವನು ಟ್ಯಾಕ್ಸಿ ಸ್ಟ್ಯಾಂಡಿನ ಮೂವರನ್ನು ಜೊತೆಗೆ ಕರೆದುಕೊಂಡು ಬಂದು ಫೋನು ಮುಂದೆ ಹಿಡಿದ. ಫೋಟೋದಲ್ಲಿ ಬೇಕರಿಯ ಅಂಗಳ, ಟ್ಯೂಬ್‌ಲೈಟಿನ ಬೆಳಕು, ವ್ಯಾನಿನ ಮೂತಿ. ಬಲದ ದೀಪ ನಿಚ್ಚಳ. ಎಡದ್ದು ಹಾಲು ಕುಡಿದ ಲೋಟದಂತೆ ಮಬ್ಬು. ಮೇಲೆ ಅವತ್ತಿನದೇ ತಾರೀಕು.

“ಎರಡು ವರ್ಷ ಏನೂ ಆಗಲ್ಲ ಅಂದಿದ್ರಿ. ಎರಡು ವಾರ ಆಯ್ತು” ಎಂದ ಒಬ್ಬ ಟ್ಯಾಕ್ಸಿಯವನು. ಅವನ ಕಾರು ಮರುದಿನಕ್ಕೆ ಬರುವುದಿತ್ತು. “ನಂದು ಆಮೇಲೆ ನೋಡೋಣ ಬಿಡಿ ಅಕ್ಕ.”

ಆಮೇಲೆ ಎಂದರೆ ಇಲ್ಲ ಎಂದರ್ಥ. ಕನ್ನಡಿಯಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಎಷ್ಟು ಜನ ಅವಳನ್ನು ಬೈದಿದ್ದರೋ, ಆದರೆ ಎಲ್ಲರೂ ಮೊದಲ ಕಾಲು ಗಂಟೆಯಲ್ಲಿ ಬೈದವರು. ಕೆಲಸ ಮುಗಿದ ಮೇಲೆ ಬೈದವರು ಇವರೇ ಮೊದಲಿಗರು.

ಅವಳು ಮೆಲ್ಲಗೆ ತಿರುಗಿ ನಾದಿನಿಯನ್ನು ನೋಡಿದಳು. ನಾದಿನಿ ತಲೆ ತಗ್ಗಿಸಿ ಒಂದು ದೀಪದ ಅಂಚು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ತಾನು ಉಜ್ಜಿದ್ದು ಸರಿಯಿತ್ತು. ಅವತ್ತು ಬನ್ನಣ್ಣನೇ ಬಗ್ಗಿ ಮುಖ ನೋಡಿಕೊಂಡಿದ್ದ. ಹಾಗಾದರೆ ಉಳಿದದ್ದು ಕೋಟಿಂಗ್. ಕೋಟಿಂಗ್ ಹಚ್ಚಿದವಳು ಎದುರಿಗೇ ಕೂತಿದ್ದಾಳೆ. ಒಮ್ಮೆ ಈ ಲೆಕ್ಕ ಕೂಡಿಬಂದ ಮೇಲೆ ನಾದಿನಿಯ ಕೂತದ್ದು ನಿಂತದ್ದೆಲ್ಲ ಸಾಕ್ಷಿಯಾಗತೊಡಗಿತು. ಮಾತಾಡದಿದ್ದರೆ ಏನೋ ಮುಚ್ಚಿಡುತ್ತಿದ್ದಾಳೆ. ಮಾತಾಡಿದರೆ, ಇದೇನು ಇವತ್ತು ಇಷ್ಟು ಮಾತು! ಡ್ರಾಯರು ಎಳೆದರೆ ಏನಿಟ್ಟಳು? ಎಳೆಯದಿದ್ದರೆ ಇವತ್ತು ಯಾಕೆ ಎಳೆಯಲಿಲ್ಲ? ಕನ್ನಡಿಯಕ್ಕ ಎರಡು ಸಾವಿರದ ಕಾಗದ ಹಿಡಿದು ಉಜ್ಜುತ್ತ ಉಜ್ಜುತ್ತ ರೆಪ್ಪೆಯಡಿಯಿಂದ ನೋಡುತ್ತಿದ್ದಳು. ನೀರು ಆರಿ ಕಾಗದ ಕರಕರ ಎಂದಾಗಲೇ ಅವಳಿಗೆ ಎಚ್ಚರವಾಗುತ್ತಿತ್ತು.

ಅವಳು ಮಾಡಿದ ಮೊದಲ ಕೆಲಸ, ಕೋಟಿಂಗಿನ ಬಾಟಲಿ ಬೆಳಕಿಗೆ ಹಿಡಿದದ್ದು. ಮೊದಲು ತಾನೇ ಹಚ್ಚುತ್ತಿದ್ದಾಗ ಒಂದು ಬಾಟಲಿ ಹತ್ತು ಜೊತೆ ದೀಪಕ್ಕೆ ಮುಗಿಯುತ್ತಿತ್ತು. ಈ ಬಾಟಲಿ ತೆರೆದ ಮೇಲೆ ಹತ್ತು ಜೊತೆ ದೀಪ ಆಗಿ ಹೋಗಿದೆ, ಇನ್ನೂ ಅರ್ಧ ಹಾಗೇ ಇದೆ. ಕದ್ದಿದ್ದರೆ ಬಾಟಲಿ ಬೇಗ ಖಾಲಿಯಾಗಬೇಕಿತ್ತು. ಇದು ಖಾಲಿಯೇ ಆಗುತ್ತಿಲ್ಲ. ಅಂದರೆ ಅರ್ಧ ಕೋಟಿಂಗ್ ಹಚ್ಚಿಯೇ ಇಲ್ಲ. ಎರಡು ಸಲ ಹಚ್ಚಬೇಕಾದಲ್ಲಿ ಒಂದು ಸಲ. ಲೆಕ್ಕ ಇನ್ನೂ ಚೊಕ್ಕಟವಾಯಿತು.

“ಎರಡು ಸಲ ಹಚ್ತೀಯ ತಾನೆ?” ಎಂದಳು, ಏನೋ ಹವಾಮಾನ ವಿಚಾರಿಸುವವಳ ಹಾಗೆ.

“ಹ್ಞೂಂ ಅತ್ತಿಗೆ.”

“ಪ್ರತಿ ಸಲ?”

ನಾದಿನಿ ತಲೆಯೆತ್ತಿದಳು. “ಹ್ಞೂಂ.” ಎರಡನೆಯ ಹ್ಞೂಂ ಮೊದಲನೆಯದರ ಹಾಗಿರಲಿಲ್ಲ. ಅದರೊಳಗೆ ನೋವಿತ್ತು. ಕನ್ನಡಿಯಕ್ಕನಿಗೆ ಕಳ್ಳತನ ಕೇಳಿಸಿತು.

ಮರುದಿನ ಅವಳು ಹೊಂಚು ಹಾಕಿದಳು. “ಮನೆಗೆ ಹೋಗಿ ಬರ್ತೀನಿ, ತಲೆನೋವು” ಎಂದು ಹಿಂಬಾಗಿಲಿನಿಂದ ಹೋದವಳು ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟು ನಿಂತಳು. ಗಂಡ ತಿರುಗಿ ನೋಡಿದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವನು ಸುತ್ತಿಗೆ ಎತ್ತಿದವನು ಹಾಗೇ ನಿಂತು, ಏನೋ ಅಂದುಕೊಂಡು, ಮತ್ತೆ ತಗಡಿಗೆ ಬಡಿದ.

ನಾದಿನಿ ದೀಪಕ್ಕೆ ಸ್ಪಿರಿಟ್ಟು ಒರೆಸಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ತನ್ನ ಡ್ರಾಯರು ಎಳೆದು, ಅದರಿಂದ ತೆಳು ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ತೆಗೆದಳು. ಕೋಟಿಂಗ್ ಹಚ್ಚುವ ಸ್ಪಂಜಿನ ಬಿಲ್ಲೆಯನ್ನು ಅದರಲ್ಲಿ ಬಿಗಿಯಾಗಿ ಸುತ್ತಿ, ಮೇಲೊಂದು ಬಟ್ಟೆ ಹೊದಿಸಿ, ಆ ಬಟ್ಟೆಗೆ ನಾಲ್ಕೇ ನಾಲ್ಕು ಹನಿ ಕೋಟಿಂಗ್ ಬಿಟ್ಟಳು. ಪ್ಲಾಸ್ಟಿಕ್ಕು ಒಂದಿಷ್ಟೂ ಹೊರಗೆ ಕಾಣುತ್ತಿರಲಿಲ್ಲ.

ಕನ್ನಡಿಯಕ್ಕ ಒಳಗೆ ಬಂದದ್ದು ಗಾಳಿಗೆ ಬಾಗಿಲು ಬಡಿದ ಹಾಗೆ.

“ಏನೇ ಇದು? ನಾಲ್ಕು ಹನಿಗೆ ಒಂದು ದೀಪ! ನಾನು ಕಲಿಸಿದ್ದು ಹೀಗಾ?”

ನಾದಿನಿಯ ಕೈಯಿಂದ ಬಿಲ್ಲೆ ಜಾರಿತು. “ಇಲ್ಲ ಅತ್ತಿಗೆ, ಸ್ಪಂಜು ಎಲ್ಲಾನೂ ಕುಡಿದುಬಿಡುತ್ತೆ. ಒಳಗೆ ಪ್ಲಾಸ್ಟಿಕ್ ಸುತ್ತಿದ್ರೆ ಬಟ್ಟೆಯಲ್ಲಿರೋದೆಲ್ಲ ದೀಪಕ್ಕೇ ಹೋಗುತ್ತೆ. ಅದಕ್ಕೇ…”

“ಅದಕ್ಕೇ ಕದ್ದು ಮಾಡ್ತೀಯ? ಒಳ್ಳೆ ಕೆಲಸ ಆಗಿದ್ರೆ ನನ್ನೆದುರು ಮಾಡ್ಬೇಕಿತ್ತು!”

“ನಿಮ್ಮ ಪದ್ಧತಿ ಬದಲಾಯಿಸಿದೆ ಅಂತ ಬೈತೀರಿ ಅಂದ್ಕೊಂಡೆ.”

“ಬೈಯೋದು ಬೇರೆ. ಈಗ ಊರೆಲ್ಲಾ ನನ್ನ ಹೆಸರು ಹಿಡಿದು ಬೈತಿದೆ, ಅದು ಬೇರೆ!”

“ಅತ್ತಿಗೆ, ಬನ್ನಣ್ಣನ ವ್ಯಾನಿಗೆ ಒಂದೇ ಬಾಟಲಿ, ಒಂದೇ ಬಟ್ಟೆ, ಒಂದೇ ಬಿಸಿಲು. ಎರಡಕ್ಕೂ ಎರಡೆರಡು ಸಲ ಹಚ್ಚಿದೀನಿ. ತಪ್ಪು ನಂದಾಗಿದ್ರೆ ಎಡಗಡೆದು ಮಾತ್ರ ಯಾಕೆ ಕೆಡ್ಬೇಕು?”

ಪ್ರಶ್ನೆ ಸರಿಯಾಗಿತ್ತು. ಉತ್ತರವಿಲ್ಲದಾಗ ಮನುಷ್ಯನ ಬಾಯಿಗೆ ಎಲ್ಲಿಂದಲೋ ಒಂದು ಕಲ್ಲು ಸಿಗುತ್ತದೆ.

“ಎಡಗಡೆದು ಮಾಡೋ ಹೊತ್ತಿಗೆ ನಿನಗೆ ಸಾಕಾಗಿರುತ್ತೆ. ಯಾವುದನ್ನ ಪೂರ್ತಿ ಮಾಡಿದೀಯ ನೀನು? ಅರ್ಧಕ್ಕೆ ಬಿಟ್ಟು ಬರೋದೇ ನಿನ್ನ ಬುದ್ಧಿ ಅಂತ ನಿನ್ನ ಗಂಡನ ಮನೆಯವರು ಅಂದಿದ್ದು ಸುಳ್ಳಲ್ಲ.”

ಸುತ್ತಿಗೆ ನಿಂತಿತು. ಅರ್ಧ ಕಿವಿಯವನಿಗೂ ಆ ಮಾತು ಪೂರ್ತಿ ಕೇಳಿಸಿತ್ತು.

ನಾದಿನಿ ಅಳಲಿಲ್ಲ. ಬಗ್ಗಿ ಬಿಲ್ಲೆ ಎತ್ತಿಕೊಂಡು, ಕೈಯಲ್ಲಿದ್ದ ದೀಪಕ್ಕೆ ಮೊದಲನೆಯ ಕೋಟಿಂಗ್ ಮುಗಿಸಿದಳು. ಅದು ಆರುವವರೆಗೆ ಕೈ ಕಟ್ಟಿ ಕೂತಳು. ಆಮೇಲೆ ಎರಡನೆಯದನ್ನೂ ಹಚ್ಚಿದಳು. ಬಾಟಲಿಯ ಮುಚ್ಚಳ ಬಿಗಿದು, ಅಣ್ಣನ ಕಡೆ ತಿರುಗಿ, “ಬೆಳಿಗ್ಗೆ ಆರರ ಬಸ್ಸಿಗೆ ದೊಡ್ಡಣ್ಣನ ಮನೆಗೆ ಹೋಗ್ತೀನಿ” ಎಂದು ಡ್ರಾಯರು ಖಾಲಿ ಮಾಡತೊಡಗಿದಳು.

ಅವತ್ತು ರಾತ್ರಿ ಊಟದ ಹೊತ್ತಿಗೆ ಗಂಡ ತಟ್ಟೆ ನೋಡುತ್ತಲೇ ಹೇಳಿದ. “ನೀನು ಆ ದೀಪ ಮಬ್ಬಾಗಿದ್ದನ್ನ ಕಣ್ಣಾರೆ ನೋಡಿದೀಯೇನು?”

“ಫೋಟೋ ನೋಡಿದೆನಲ್ಲ.”

“ಫೋಟೋ ನೋಡಿ ನಾನು ಯಾವತ್ತಾದ್ರೂ ಡೆಂಟು ತೆಗೆದಿದೀನಾ? ಬೆಳಿಗ್ಗೆ ಐದರೊಳಗೆ ಬೇಕರಿ ಹತ್ರ ಹೋಗು. ನೋಡು. ಆಮೇಲೂ ಅವಳದ್ದೇ ತಪ್ಪಾದ್ರೆ ನಾನೇ ಅವಳನ್ನ ಬಸ್ಸು ಹತ್ತಿಸ್ತೀನಿ.”

ಕನ್ನಡಿಯಕ್ಕ ಹೋದದ್ದು ನಾದಿನಿಯನ್ನು ಉಳಿಸಿಕೊಳ್ಳಲು ಅಲ್ಲ. ಅಷ್ಟೂ ಜನರ ಎದುರು ಮೂತಿ ಸುಟ್ಟುಕೊಂಡಿದ್ದಾಳೆ. ತಾನು ಹೇಳಿದ್ದೇ ನಿಜ ಎಂದು ಗಟ್ಟಿ ಮಾಡಿಕೊಳ್ಳಬೇಕಿತ್ತು, ಅದಕ್ಕೆ ಹೋದಳು.

ಬೇಕರಿಯ ಅಂಗಳಕ್ಕೆ ಕಾಲಿಟ್ಟರೆ ಒಂದು ಕಡೆ ಒಲೆಯ ಬಿಸಿ, ಇನ್ನೊಂದು ಕಡೆ ಬೆಳಗಿನ ಚಳಿ. ಬನ್ನಣ್ಣ ಟ್ರೇಗಳನ್ನು ವ್ಯಾನಿಗೆ ತಳ್ಳುತ್ತಿದ್ದ. “ಬಂದ್ರಾ! ಬನ್ನಿ, ದರ್ಶನ ಮಾಡಿ” ಎಂದು ನಾಟಕದವರ ಹಾಗೆ ಕೈ ಚಾಚಿದ.

ಎಡದ ದೀಪ ಮಬ್ಬಾಗಿತ್ತು. ಅನುಮಾನವೇ ಬೇಡ. ಒಳಗಿನ ಬಲ್ಬು ಮಂಜಿನಾಚೆಯ ಸೂರ್ಯನಂತೆ ಬರೀ ಒಂದು ಬಿಳಿ ಚುಕ್ಕೆ. ಕನ್ನಡಿಯಕ್ಕನಿಗೆ ಒಂದು ಕ್ಷಣ ಸಮಾಧಾನವೇ ಆಯಿತು ಅನ್ನಬೇಕು. ಅಭ್ಯಾಸದಂತೆ ಬೆರಳು ಎಂಜಲು ಮಾಡಿಕೊಂಡು ದೀಪದ ಮೇಲೆ ಉದ್ದಕ್ಕೆ ಎಳೆದಳು. ಮಬ್ಬಾದ ಪ್ಲಾಸ್ಟಿಕ್ಕು ಒದ್ದೆಯಾದಾಗ, ಒದ್ದೆ ಇರುವಷ್ಟು ಹೊತ್ತು, ತಿಳಿಯಾಗಿ ಕಾಣುತ್ತದೆ. ಈ ಕಸುಬಿನ ಮೊದಲ ಪಾಠ ಅದು. ನಾದಿನಿಗೆ ಅವಳೇ ಕಲಿಸಿದ್ದು.

ಬೆರಳು ಎಳೆದ ಗೆರೆಯ ಕೆಳಗೆ ಮಬ್ಬು ಹಾಗೇ ಇತ್ತು.

ಇನ್ನೊಂದು ಸಲ ಎಳೆದಳು. ಅಂಗಿಯ ತೋಳಿನಿಂದ ಇಡೀ ದೀಪ ಒರೆಸಿದಳು. ಹೊರಮೈ ಮೊಟ್ಟೆಯ ಹಾಗೆ ನುಣ್ಣಗಿತ್ತು. ಎರಡು ಸಲದ ಕೋಟಿಂಗ್, ಒಂದು ಗೆರೆಯಿಲ್ಲ, ಒಂದು ಗುಳ್ಳೆಯಿಲ್ಲ. ತಾನು ಹಚ್ಚಿದ್ದರೂ ಇಷ್ಟು ಸಮ ಬರುತ್ತಿರಲಿಲ್ಲ. ಪೊರೆ ಇದ್ದದ್ದು ಹೊರಗಲ್ಲ, ಒಳಗೆ. ಅದು ಪೊರೆಯೇ ಅಲ್ಲ, ಹಬೆ.

“ಬಾನೆಟ್ಟು ಎತ್ತು” ಎಂದಳು.

ದೀಪದ ಬೆನ್ನಿಗೆ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ. ಒಳಗಿನ ತೇವ ಅದರಿಂದ ಹೊರಗೆ ಹೋಗಬೇಕು. ಮಳೆನೀರು ನುಗ್ಗದಿರಲೆಂದು ಅದಕ್ಕೊಂದು ಬಾಗಿದ ರಬ್ಬರ್ ಕೊಳವೆ ಸಿಕ್ಕಿಸಿರುತ್ತಾರೆ. ಬನ್ನಣ್ಣನ ವ್ಯಾನಿನ ಬಲದ ದೀಪಕ್ಕೆ ಕೊಳವೆ ಇತ್ತು. ಎಡದ್ದರ ಕೊಳವೆ ಎಂದೋ ಉದುರಿ ಬರೀ ತೂತು ಉಳಿದಿತ್ತು. ಉಜ್ಜುವಾಗ ನೀರು ಒಳಗೆ ಹೋಗದಿರಲೆಂದು ಅವತ್ತು… ಅವಳು ಕೈಯನ್ನು ಬ್ಯಾಟರಿಯ ಪಕ್ಕದಿಂದ ತೂರಿಸಿ ದೀಪದ ಬೆನ್ನು ತಡವಿದಳು. ಕಾಗದ ಸಿಕ್ಕಿತು. ಕಾಗದದ ತುದಿಯಲ್ಲಿ, ಉಗುರಿನಗಲ, ಒಳಕ್ಕೆ ಮಡಚಿದ ಕಿವಿ ಸಿಕ್ಕಿತು.

ಕಿವಿ ಹಿಡಿದು ಎಳೆದಳು. ಟೇಪು ಮಾತು ಕೇಳಿತು.

ಮೂರು ವಾರ ಆ ದೀಪ ಉಸಿರು ಕಟ್ಟಿಕೊಂಡಿತ್ತು. ಅವತ್ತಿನ ಸೆಕೆಯಲ್ಲಿ ಒಳಗೇ ಸಿಕ್ಕಿಕೊಂಡ ತೇವ ಬೆಳಗಿನ ಚಳಿಗೆ ಹಬೆಯಾಗಿ ಕೂರುವುದು, ಬಿಸಿಲೇರಿದಾಗ ಕರಗುವುದು, ಹೊರಗೆ ಹೋಗಲು ದಾರಿಯಿಲ್ಲದೆ ಮರುದಿನ ಮತ್ತೆ ಅಲ್ಲೇ ಕೂರುವುದು. ಬನ್ನಣ್ಣ ಸುಳ್ಳು ಹೇಳಿರಲಿಲ್ಲ. ನಾದಿನಿಯೂ ಹೇಳಿರಲಿಲ್ಲ. “ಈ ಎಡಗಡೆಯದರ ಹಿಂದೆ…” ಎಂದು ಅವಳು ಹೇಳಬಂದ ಪುರಾಣ ಎಷ್ಟು ಚಿಕ್ಕದಿತ್ತು!

“ಏನು ಸಿಕ್ತು ಅಕ್ಕ?” ಬನ್ನಣ್ಣ ಬಗ್ಗಿದ. “ಟೇಪಾ? ಓ, ಅವತ್ತು ದೀಪ ಕೂರಿಸಿದೋಳು ನಿಮ್ಮ ನಾದಿನಿ ಅಲ್ವಾ? ಮರೆತುಬಿಟ್ಟಿದಾಳೆ ಹುಡುಗಿ.”

ಕನ್ನಡಿಯಕ್ಕ ಮುಷ್ಟಿ ಮುಚ್ಚಿದಳು. ಹ್ಞೂಂ ಅಂದರೆ ಮುಗಿಯಿತು. ಅದು ಪೂರ್ತಿ ಸುಳ್ಳೂ ಅಲ್ಲ; ಕೂರಿಸಿದವಳು ಅವಳೇ. ಆರಕ್ಕೆ ಬಸ್ಸು ಹೊರಡುತ್ತದೆ. ಟ್ಯಾಕ್ಸಿಯವರು ನಾಳೆಯಿಂದ ಮತ್ತೆ ಬರುತ್ತಾರೆ. ಈ ಕಿವಿ ಯಾರದೆಂದು ಪ್ರಪಂಚದಲ್ಲಿ ಗೊತ್ತಿರುವವರು ಮೂರೇ ಜನ. ಅವರಲ್ಲೊಬ್ಬಳು ಸೋಫಾದ ಹಿಂದೆ ಮಲಗಿರುತ್ತಾಳೆ.

ಮುಷ್ಟಿಯೊಳಗೆ ಟೇಪಿನ ಅಂಟು ಅಂಗೈಗೆ ಹಿಡಿದುಕೊಂಡಿತು. ಬಿಡಿಸಿ ಬನ್ನಣ್ಣನ ಮೂಗಿನ ಮುಂದೆ ಹಿಡಿದಳು.

“ಈ ಮಡಿಕೆ ನೋಡು. ಇದು ನಾನು ಮಡಚೋದು, ಬೇರೆ ಯಾರೂ ಮಡಚಲ್ಲ. ಅಂಟಿಸಿದೋಳು ನಾನು, ಮರೆತೋಳು ನಾನು. ಅವಳು ಹೇಳೋಕೆ ಬಂದಾಗ ಬಾಯಿ ಮುಚ್ಚಿಸಿದೋಳೂ ನಾನೇ. ಟ್ಯಾಕ್ಸಿ ಸ್ಟ್ಯಾಂಡಲ್ಲಿ ಹೇಳೋವಾಗ ಇಷ್ಟನ್ನೂ ಹೇಳು, ಅರ್ಧ ನುಂಗ್ಬೇಡ.”

ಬನ್ನಣ್ಣ ಕೆನ್ನೆ ಕೆರೆದುಕೊಂಡ. “ಇಷ್ಟಕ್ಕಾ ಇಷ್ಟು ದಿನ? ಹೋಗ್ಲಿ ಬಿಡಿ ಅಕ್ಕ, ಒಂದು ಬಿಸಿ ಬನ್ನು ತಿನ್ನಿ.”

“ಬನ್ನು ಬೇಡ, ಮನೆವರೆಗೆ ಬಿಡು. ಬೇಗ.”

ಟ್ರೇಗಳ ಪಕ್ಕ ಮುದುಡಿ ಕೂತು ಬಂದಳು. ಮನೆಯಲ್ಲಿ ನಾದಿನಿ ಆಗಲೇ ಎದ್ದು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. ಜಿಪ್ಪು ಮಧ್ಯದಲ್ಲಿ ಸಿಕ್ಕಿಕೊಂಡಿತ್ತು. ಅಣ್ಣ ಬಾಗಿಲಲ್ಲಿ ನಿಂತಿದ್ದ, ಸಹಾಯವನ್ನೂ ಮಾಡದೆ, ಅಡ್ಡಿಯನ್ನೂ ಮಾಡದೆ.

ಕನ್ನಡಿಯಕ್ಕ ಟೇಪನ್ನು ಬ್ಯಾಗಿನ ಮೇಲೆ ಇಟ್ಟಳು. ನಾದಿನಿ ಅದನ್ನು ನೋಡಿದಳು. ಮಡಚಿದ ಕಿವಿಯನ್ನು ಬೆರಳಲ್ಲಿ ಬಿಡಿಸಿ, ಮತ್ತೆ ಮಡಚಿದಳು.

“ಬನ್ನಣ್ಣನ ವ್ಯಾನಿನದಾ?”

“ಹ್ಞೂಂ. ಹಬೆ ಒಳಗೇ ಕೂತಿತ್ತು.”

“ಮಂಜಿಗೆ ಇದೇ ಕಾರಣ ಅಂತ ನಂಗೂ ಗೊತ್ತಿರ್ಲಿಲ್ಲ. ಟೇಪು ಉಳಿದಿದೆ ಅಂತ ಹೇಳೋಕೆ ಬಂದೆ, ಅಷ್ಟೆ. ಆಮೇಲೆ, ಬೇಕಂತಲೇ ಬಿಟ್ಟಿರಬೇಕು ಅಂದ್ಕೊಂಡೆ. ಮಳೆ ಬರ್ತಿತ್ತು.”

“ಮಳೆ ಮೇಲೆ ಹಾಕ್ಬೇಡ. ತಪ್ಪು ನಂದು. ಕೋಟಿಂಗ್ ಮುಟ್ಟಿ ನೋಡಿದೆ. ನನಗಿಂತ ಚೆನ್ನಾಗಿ ಹಚ್ತೀಯ.” ಕನ್ನಡಿಯಕ್ಕ ಬ್ಯಾಗಿನ ಪಕ್ಕ ಕೂತಳು. “ನಿನ್ನೆ ಇನ್ನೊಂದು ಮಾತು ಅಂದೆ. ಅದು ಟೇಪಲ್ಲ, ಕಿತ್ತು ತೆಗೆಯೋಕಾಗಲ್ಲ. ಆದ್ರೂ ತಪ್ಪಾಯ್ತು. ಹೋಗ್ಬೇಡ.”

ನಾದಿನಿ ಬಹಳ ಹೊತ್ತು ಜಿಪ್ಪಿನ ಜೊತೆಗೇ ಗುದ್ದಾಡಿದಳು. ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

“ಇನ್ಮೇಲೆ ಕೂರಿಸೋ ಮುಂಚೆ ಪ್ರತಿ ದೀಪದ ಬೆನ್ನನ್ನೂ ನಾನು ನೋಡ್ತೀನಿ” ಎಂದಳು ಕೊನೆಗೆ. “ನೀವು ಎಲ್ಲಾ ಕಿತ್ತಾಯ್ತು ಅಂದ್ರೂ ನೋಡ್ತೀನಿ.”

“ನೋಡು.”

“ಗಿರಾಕಿ ಎದುರೇ ನೋಡ್ತೀನಿ.”

“ನೋಡು ಅಂದೆನಲ್ಲ.”

“ಬಿಲ್ಲೆಗೆ ಪ್ಲಾಸ್ಟಿಕ್ಕು ಸುತ್ತೇ ಸುತ್ತೀನಿ.”

“ನಂಗೂ ಹೇಳಿಕೊಡು.”

ಆರರ ಬಸ್ಸು ಅವರ ಬೀದಿಯ ತುದಿಯಲ್ಲಿ ಹಾರ್ನ್ ಹೊಡೆದು ಹೋಯಿತು. ಗಂಡನಿಗೆ ಅದು ಕೇಳಿಸಿತೋ ಇಲ್ಲವೋ, ಅವನು ಇಕ್ಕಳ ತಂದು ಜಿಪ್ಪು ಬಿಡಿಸಲು ಕೂತ.

ಟ್ಯಾಕ್ಸಿಯವರು ಮತ್ತೆ ಬಂದರು. ಬನ್ನಣ್ಣನ ದೀಪಕ್ಕೆ ಹೊಸ ಕೊಳವೆ ಬಿತ್ತು, ನಾಲ್ಕು ದಿನದಲ್ಲಿ ಒಳಗಿನ ಹಬೆ ಆರಿತು. ಬೆಂಚಿನ ಆ ಕಡೆ ಈ ಕಡೆ ಅವರಿಬ್ಬರೂ ಮೊದಲಿನ ಹಾಗೆಯೇ ಕೂರುತ್ತಾರೆ. ಕನ್ನಡಿಯಕ್ಕ ಟೇಪು ಕಿತ್ತು, ಎಣಿಸಿ, ದೀಪವನ್ನು ಆಚೆಗೆ ತಳ್ಳುತ್ತಾಳೆ. ನಾದಿನಿ ಅದನ್ನು ತಿರುಗಿಸಿ ಬೆನ್ನು ನೋಡುತ್ತಾಳೆ. ತೂತಿಗೆ ಬೆರಳಿಟ್ಟು ನೋಡುತ್ತಾಳೆ. ಸರಿಯಿದೆ ಎಂದು ಕಣ್ಣಿಗೆ ಕಂಡ ಮೇಲೂ ಇನ್ನೊಂದು ಸಲ ನೋಡುತ್ತಾಳೆ. ಸ್ಟೂಲಿನ ಮೇಲೆ ಕೂತ ಗಿರಾಕಿ, “ಏನಕ್ಕ, ನಿಮ್ಮ ಮೇಲೇ ನಂಬಿಕೆ ಇಲ್ವಾ ಅವರಿಗೆ?” ಎಂದು ನಗುತ್ತಾನೆ.

“ಇಲ್ಲ” ಎನ್ನುತ್ತಾಳೆ ಕನ್ನಡಿಯಕ್ಕ, ಕಾಗದ ನೀರಿಗದ್ದುತ್ತ.

ಮತ್ತೆ ಒಂದು ಬದಲಾವಣೆ. ನಾದಿನಿಯ ಡ್ರಾಯರಿಗೆ ಈಗ ಹೆಬ್ಬೆರಳಿನಷ್ಟು ಗಾತ್ರದ ಹೊಸ ಬೀಗ ಬಂದಿದೆ. ಸಂಜೆ ಶೆಟರು ಎಳೆಯುವ ಮುಂಚೆ ಅವಳು ಬಗ್ಗಿ ಅದನ್ನು ಕಟಕ್ಕೆಂದು ಹಾಕುತ್ತಾಳೆ, ಒಮ್ಮೆ ಜಗ್ಗಿ ನೋಡುತ್ತಾಳೆ. ಹಾಕಿಕೋ ಎಂದು ಅವತ್ತು ಹೇಳಿದವಳು ಅತ್ತಿಗೆಯೇ. ಕನ್ನಡಿಯಕ್ಕ ಆ ಸದ್ದು ಆಗುವವರೆಗೆ ಕಾದು, ಆಮೇಲೆ ಅಂಗಡಿಯ ದೀಪ ಆರಿಸುತ್ತಾಳೆ.